ಮಂಗಳವಾರ, ಶುಕ್ರವಾರ ಕೆಡುವ ಕ್ಯಾಮೆರಾ

ನನ್ನ ಫೋನಿನ ಕ್ಯಾಮೆರಾ ವಾರದಲ್ಲಿ ಎರಡೇ ದಿನ ಕೆಡುತ್ತಿತ್ತು. ಮಂಗಳವಾರ ಒಮ್ಮೆ, ಶುಕ್ರವಾರ ಒಮ್ಮೆ. ಉಳಿದ ದಿನ ಕೆರೆಯ ಆಚೆ ದಂಡೆಯಲ್ಲಿ ಮೇಯುವ ಎಮ್ಮೆಯ ಕೊಂಬೂ ಕಾಣುವಷ್ಟು ಚೆಂದ ತೆಗೆಯುತ್ತಿತ್ತು. ಇದನ್ನು ಹೇಳಿದಾಗಲೆಲ್ಲ ಜನ ಫೋನನ್ನು ಬಿಟ್ಟು ನನ್ನ ಮುಖ ನೋಡುತ್ತಿದ್ದರು. ನನ್ನ ತಲೆಯಲ್ಲೇ ಏನೋ ಕೆಟ್ಟಿದೆ ಎಂದು ಅವರ ಲೆಕ್ಕ.

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ನಮ್ಮ ಹಳ್ಳಿ ಇದೆ. ಅದಿರು ಲಾರಿಗಳು ಓಡಾಡಿ ಓಡಾಡಿ ಇಲ್ಲಿ ಮನೆ, ಮರ, ಬಿಳಿ ಎತ್ತು, ಎಲ್ಲವೂ ಒಂದೇ ಬಣ್ಣಕ್ಕೆ ಬಂದಿವೆ. ಇಲ್ಲಿ ಯಾವುದಾದರೂ ವಸ್ತು ಕೆಂಪಾಗಿದ್ದರೆ ಯಾಕೆ ಕೆಂಪಾಯಿತೆಂದು ಯಾರೂ ಕೇಳುವುದಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ನಾನು ಖಾತ್ರಿ ಕೆಲಸದ ಮೇಟ್. ಅಂದರೆ ಪಂಚಾಯಿತಿಯವರು ಕೊಡುವ ಕೂಲಿ ಕೆಲಸದಲ್ಲಿ ಒಂದು ಗುಂಪಿನ ಹಾಜರಿ ಹಾಕುವವಳು. ಆ ವರ್ಷ ಕೆರೆಯ ಹೂಳು ತೆಗೆಯುವ ಕೆಲಸವಿತ್ತು. ನನ್ನ ಗುಂಪಿನಲ್ಲಿ ಮೂವತ್ತಾರು ಮಂದಿ, ಅದರಲ್ಲಿ ನಾಲ್ವರು ಮಾತ್ರ ಗಂಡಸರು. ಬೆಳಗ್ಗೆ ಒಂಬತ್ತರೊಳಗೆ ಅಷ್ಟೂ ಮಂದಿಯನ್ನು ಕೆರೆಯಂಗಳದಲ್ಲಿ ನಿಲ್ಲಿಸಿ ಹಾಜರಿ ಆಪ್‌ನಲ್ಲಿ ಒಂದು ಫೋಟೋ ತೆಗೆಯಬೇಕು, ಮಧ್ಯಾಹ್ನದ ಮೇಲೆ ಇನ್ನೊಂದು. ಫೋಟೋದಲ್ಲಿ ಮುಖ ಕಾಣದಿದ್ದರೆ ಆ ಮನುಷ್ಯ ಅವತ್ತು ಕೆಲಸಕ್ಕೆ ಬಂದೇ ಇಲ್ಲ. ತೋಡಿದ ಗುಂಡಿ ಕಣ್ಣೆದುರೇ ಇದ್ದರೂ ಅದು ಸಾಕ್ಷಿಯಲ್ಲ, ಫೋಟೋವೇ ಸಾಕ್ಷಿ.

ಈ ಕೆಲಸ ನನಗೆ ಎಷ್ಟು ದೊಡ್ಡದು ಎಂದು ಹೇಳಲೇಬೇಕು. ಮೂರು ವರ್ಷದ ಹಿಂದೆ ನನ್ನ ಗಂಡ ಕಾಮಾಲೆಯಾಗಿ ತೀರಿಕೊಂಡರು. ಆಗ ಒರೆಸಿದ ಹಣೆ ಹಾಗೇ ಉಳಿಯಿತು. ಕುಂಕುಮ ಹಚ್ಚಬೇಡ ಎಂದು ಯಾರೂ ಹೇಳಲಿಲ್ಲ, ಹಚ್ಚು ಎಂದೂ ಯಾರೂ ಹೇಳಲಿಲ್ಲ. ಬೆಳಗ್ಗೆ ಊರಿಗೆ ಹೊರಟ ನೆರೆಮನೆಯಾಕೆ ನಾನು ಕೊಡ ಹಿಡಿದು ಎದುರಾದರೆ ಚಪ್ಪಲಿ ಮರೆತವಳ ಹಾಗೆ ಒಳಗೆ ಹೋಗಿ, ನಾನು ದಾಟಿದ ಮೇಲೆ ಹೊರಗೆ ಬರುತ್ತಿದ್ದಳು. ಆಕೆ ಎಷ್ಟು ಸಲ ಚಪ್ಪಲಿ ಮರೆತಳೋ ಲೆಕ್ಕವಿಲ್ಲ, ಎಲ್ಲಾ ಸಲವೂ ಕಾಲಲ್ಲಿ ಚಪ್ಪಲಿ ಇರುತ್ತಿತ್ತು. ಆಮೇಲೆ ಪಿಯುಸಿ ಓದಿದ್ದೇನೆಂದು ಪಂಚಾಯಿತಿಯವರು ನನ್ನನ್ನು ಮೇಟ್ ಮಾಡಿದರು. ಮುಂಜಾನೆ ನನ್ನ ಮುಖ ನೋಡಬಾರದು ಎನ್ನುತ್ತಿದ್ದವರೆಲ್ಲ ಈಗ ಮುಂಜಾನೆಯೇ ನನ್ನ ಎದುರು ಸಾಲಾಗಿ ನಿಂತು, ಕಣ್ಣು ಬಿಟ್ಟು ನನ್ನ ಕಡೆಗೇ ನೋಡಬೇಕು. ನೆರೆಮನೆಯಾಕೆ ಮೊದಲನೇ ಸಾಲಿನಲ್ಲಿ. ನಿಜ ಹೇಳುತ್ತೇನೆ, ಮೊದಲ ದಿನ ಬೇಕೆಂದೇ ಮೂರು ಫೋಟೋ ತೆಗೆದೆ. ಈ ಕೆಲಸ ಕೈತಪ್ಪಿದರೆ ನಾನು ಮತ್ತೆ ಬಾಗಿಲ ಸಂದಿಯಲ್ಲಿ ನಿಂತು ದಾರಿ ಖಾಲಿಯಾಗುವುದನ್ನು ಕಾಯುವ ಹೆಂಗಸಾಗುತ್ತಿದ್ದೆ.

ಫೋನು ಹೊಸಪೇಟೆಯಲ್ಲಿ ಕೊಂಡದ್ದು, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಅಗ್ಗದ್ದು. ಹಿಂಬದಿಯಲ್ಲಿ ಅಕ್ಕಪಕ್ಕ ಎರಡು ಕ್ಯಾಮೆರಾ ಕಣ್ಣು. ನಮ್ಮ ಮನೆಯಲ್ಲಿ ಇರುವುದು ಒಂದೇ ಪ್ಲಗ್ಗು, ಅದೂ ದೇವರ ಜಗಲಿಯ ಪಕ್ಕದ ಗೋಡೆಯಲ್ಲಿ. ಹಾಗಾಗಿ ರಾತ್ರಿಯೆಲ್ಲ ಫೋನು ದೇವರ ಮಗ್ಗುಲಲ್ಲೇ ಚಾರ್ಜ್ ಆಗುತ್ತಿತ್ತು.

ಕೆರೆ ಕೆಲಸಕ್ಕೆ ಮುಂಚಿನ ಆಯುಧ ಪೂಜೆಯ ದಿನ ಅತ್ತೆ ಜಗಲಿಯ ಮುಂದೆ ಕುಡುಗೋಲು, ಸಲಿಕೆ, ಮಾವನ ಹಳೇ ಬ್ಯಾಟರಿ ಟಾರ್ಚು, ಎಲ್ಲ ಸಾಲಾಗಿ ಇಟ್ಟು ನಡುವೆ ನನ್ನ ಫೋನನ್ನು ಮಲಗಿಸಿದ್ದರು. ಮೇಲೆ ಚೆಂಡು ಹೂವು, ಅರಿಶಿನದ ಭಂಡಾರ, ಕುಂಕುಮ, ಕೆಳಗೆ ಹೋಳು ಮಾಡಿದ ನಿಂಬೆಹಣ್ಣು. ನಾನು ಬರುವ ಹೊತ್ತಿಗೆ ತಂಬಿಗೆಯ ನೀರು ಚಿಮುಕಿಸಲು ಕೈ ಎತ್ತಿದ್ದರು.

"ಅತ್ತಿ, ಹುಚ್ಚು ಹಿಡದೈತೇನ್ರಿ ನಿಮಗ? ಇದು ಹಾಜರಿ ಹಾಕೋ ಫೋನು! ನೀರು ತಾಗಿದ್ರ ಮುಗೀತು. ಇನ್ಮ್ಯಾಲ ಇದನ್ನ ಮುಟ್ಟಬ್ಯಾಡ್ರಿ!" ಎಂದು ಕೂಗಿದೆ. ನನಗೆ ಸಿಟ್ಟು ಬಂದರೆ ಮೂರು ಮನೆಗೆ ಕೇಳುತ್ತದೆ.

ಅತ್ತೆ ನಿಂಬೆಹಣ್ಣಿನ ಕಡೆ ನೋಡಿ, "ದುಡಿಯೋ ವಸ್ತುಕ್ಕ ಒಂದು ಬೊಟ್ಟೂ ಬ್ಯಾಡಂತ," ಎಂದರು. ನಾನು ಫೋನು ಒರೆಸಿಕೊಂಡು ಹೊರಗೆ ಹೋದೆ.

ಆಮೇಲೆ ಕೂಲಿ ಕೆಲಸ ನಿಂತಿತ್ತು, ಫೋಟೋ ತೆಗೆಯುವ ಪ್ರಸಂಗವೇ ಬರಲಿಲ್ಲ. ಬೇಸಿಗೆ ಹತ್ತಿರವಾಗಿ ಕೆರೆ ಕೆಲಸ ಶುರುವಾಯಿತು. ಮೊದಲ ದಿನ ಸೋಮವಾರ, ಎಲ್ಲ ಸರಿಯಿತ್ತು. ಮಂಗಳವಾರದ ಫೋಟೋದಲ್ಲಿ ಮೂವತ್ತಾರು ಮಂದಿಯೂ ಕರಗಿ ಹೋಗಿದ್ದರು. ಮುಖವಿದ್ದ ಕಡೆ ಕೆಂಪು ಮಂಜು, ಮಂಜಿನೊಳಗೆ ಅಲ್ಲೊಂದು ಇಲ್ಲೊಂದು ಕೈ. ಸೆರಗಿನಿಂದ ಕ್ಯಾಮೆರಾ ಒರೆಸಿ ಮತ್ತೆ ತೆಗೆದೆ, ಕೈಗಳೂ ಹೋದವು.

ಮಧ್ಯಾಹ್ನ ಪಂಚಾಯಿತಿ ಆಫೀಸಿನ ಕಂಪ್ಯೂಟರಿನವರು ಫೋನ್ ಮಾಡಿದರು. ನಮ್ಮ ಹಾಜರಿ ಫೋಟೋಗಳನ್ನೆಲ್ಲ ನೋಡಿ ಸರಿ, ತಪ್ಪು ಎನ್ನುವವರು ಅವರೇ. "ಮೇಡಂ, ಇದರಾಗ ಮಂದಿ ಯಾರು, ಕರಡಿ ಯಾರು? ಎಲ್ಲಾವೂ ದರೋಜಿ ಕರಡಿಧಾಮದಿಂದ ಎದ್ದು ಬಂದಂಗ ಅದಾವ," ಎಂದರು. ಹೇಗೋ ಬೇಡಿಕೊಂಡು ಅವತ್ತಿನ ಹಾಜರಿ ಉಳಿಸಿಕೊಂಡೆ.

ಸಂಜೆ ಮನೆಯಲ್ಲಿ ಫೋನಿನ ಮುಂದೆಯೇ ಕೂತು, ಕೆಟ್ಟ ಕ್ಯಾಮೆರಾ ಸರಿಮಾಡುವುದು ಹೇಗೆಂಬ ವಿಡಿಯೋಗಳನ್ನು ಅದರಲ್ಲೇ ನೋಡಿದೆ. ರೋಗಿಯನ್ನೇ ಔಷಧಿ ಕೇಳಿದ ಹಾಗಾಯಿತು. ಒಬ್ಬ ಆಫ್ ಮಾಡಿ ಆನ್ ಮಾಡಿ ಎಂದ. ಮಾಡಿದೆ. ಇನ್ನೊಬ್ಬ ಬೇಡದ ಕಸವೆಲ್ಲ ಅಳಿಸಿ ಎಂದ. ಅಳಿಸಿದೆ. ಮೂರನೆಯವನು ಎಲ್ಲವನ್ನೂ ಅಳಿಸಿ ಹೊಸದಾಗಿ ಶುರುಮಾಡಿ ಎಂದ, ಅದನ್ನೂ ಮಾಡಿದೆ. ಆಮೇಲೆ ಫೋನು ನನ್ನ ಜೊತೆ ಯಾವುದೋ ದೇಶದ ಭಾಷೆಯಲ್ಲಿ ಮಾತಾಡತೊಡಗಿತು. ಹಾಜರಿ ಆಪ್‌ನ ಪಾಸ್‌ವರ್ಡು ಹೋಗಿತ್ತು. ಅದನ್ನು ಮತ್ತೆ ಪಡೆಯಲು ಬೆಳಗ್ಗೆ ಆರಕ್ಕೇ ಕಂಪ್ಯೂಟರಿನವರ ಮನೆ ಬಾಗಿಲಲ್ಲಿ ನಿಂತಿದ್ದೆ. ಆದರೆ ಬುಧವಾರ ಫೋಟೋ ಕನ್ನಡಿಯ ಹಾಗೆ ಬಂತು. ವಿಡಿಯೋದವನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಶುಕ್ರವಾರ ಮತ್ತೆ ಕೆಂಪು ಮಂಜು ಬಂತು, ಮುಗಿದ ಕೈ ವಾಪಸ್ ತೆಗೆದುಕೊಂಡೆ.

ಮಾವ ಯಶವಂತನಗರದ ಒಂದು ಗಣಿಯಲ್ಲಿ ವಾಚ್‌ಮನ್ ಆಗಿದ್ದು ನಿವೃತ್ತರಾದವರು. ಜಗತ್ತಿನ ಎಲ್ಲಾ ರೋಗವೂ ಅಲ್ಲಿಯ ಧೂಳಿನಿಂದ ಹುಟ್ಟುತ್ತದೆ ಎಂದು ಅವರ ನಂಬಿಕೆ. "ನನ್ನ ಎದಿಯಾಗ ಎಷ್ಟು ಕೆಂಪು ಧೂಳೈತಿ, ಅದರ ಹೊಟ್ಟ್ಯಾಗೂ ಅಷ್ಟೇ ಐತಿ. ಅದಕ್ಕೂ ಕೆಮ್ಮು ಬಂದೈತಿ, ಬಾಯಿಲ್ಲ ಕೆಮ್ಮವಲ್ದು," ಎಂದರು. ಸಕ್ಕರೆ ತಂದ ಪ್ಲಾಸ್ಟಿಕ್ ಕವರಿನಲ್ಲಿ ಫೋನನ್ನು ಹಾಕಿ ರಬ್ಬರ್ ಬ್ಯಾಂಡು ಬಿಗಿದುಕೊಟ್ಟರು. ಅವತ್ತು ಫೋನು ಒಳಗಿನಿಂದ ಪ್ಲಾಸ್ಟಿಕ್ ಕವರಿನ ಫೋಟೋಗಳನ್ನು ಬಹಳ ಸ್ಪಷ್ಟವಾಗಿ ತೆಗೆಯಿತು.

ಶನಿವಾರ ಕೆಲಸ ಮುಗಿಸಿ ಕಂಪ್ಲಿಗೆ ಹೋದೆ. ಅದು ನನ್ನ ತವರು, ಅಣ್ಣ ಭತ್ತ ಬೆಳೆಯುತ್ತಾನೆ. ಫೋನನ್ನು ಒಮ್ಮೆ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, "ಒಳಗ ನೀರಾಡೈತಿ. ಅಕ್ಕ್ಯಾಗ ಹುಗದ್ರ ನೀರೆಲ್ಲ ಎಳಕೊಂತೈತಿ," ಎಂದ.

"ನಮ್ಮ ಮನ್ಯಾಗೂ ಅಕ್ಕಿ ಐತಲ್ಲೋ ಅಣ್ಣಾ, ಅದಕ್ಕಂತ ಇಲ್ಲಿತನ ಬರಬೇಕಿತ್ತೇನು?"

"ನಿಮ್ಮದು ರೇಷನ್ ಅಕ್ಕಿ. ಅದು ತನ್ನ ನೀರ ಎಳಕೊಳ್ಳಂಗಿಲ್ಲ, ಇದರ ನೀರು ಎಳೀತೈತೇನು? ಇದಕ್ಕ ಕಂಪ್ಲಿ ಸೋನಾ ಅಕ್ಕಿನೇ ಬೇಕು."

ಭಾನುವಾರ ಸಂಜೆಯವರೆಗೆ ಫೋನು ಅಕ್ಕಿ ಚೀಲದಲ್ಲಿ ಹುಗಿದಿತ್ತು. ಮಧ್ಯೆ ಎರಡು ಸಲ ಚೀಲ ರಿಂಗಾಯಿತು. ಅತ್ತಿಗೆ ಮೊಣಕೈವರೆಗೆ ಕೈ ಹಾಕಿ ಹುಡುಕಿ, ಹೊಟ್ಟು ಮೆತ್ತಿದ ಫೋನನ್ನು ಕಿವಿಗಿಟ್ಟುಕೊಂಡು, "ಆಕಿ ಫೋನು ಅಕ್ಕ್ಯಾಗೈತಿ, ಆಮ್ಯಾಲ ಮಾಡ್ರಿ," ಎಂದು ಹೇಳಿ ಮತ್ತೆ ಹುಗಿದಳು. ಸೋಮವಾರ ಫೋಟೋ ಚೆನ್ನಾಗಿ ಬಂತು. ಕಂಪ್ಲಿಯ ಅಕ್ಕಿಯ ಮಹಿಮೆಯನ್ನು ಮೂವತ್ತಾರು ಮಂದಿಗೂ ಹೇಳಿದೆ. ಮಂಗಳವಾರ ಕೆಂಪು ಮಂಜು. ಚಾರ್ಜ್ ಮಾಡುವ ತೂತಿನಿಂದ ಎರಡು ನುಚ್ಚು ಬಿದ್ದವು, ಅಷ್ಟೇ ಲಾಭ.

ಆ ಮಂಗಳವಾರ ಇಡೀ ಗುಂಪು ವೈದ್ಯಕ್ಕೆ ನಿಂತಿತು. ಮುಖದಲ್ಲಿ ಕಳೆ ಸಾಲದು ಎಂದು ಒಬ್ಬಳು ಹೇಳಿದ್ದೇ ಹೆಂಗಸರೆಲ್ಲ ಕೆರೆಯ ಹೊಂಡದ ನೀರಲ್ಲಿ ಮುಖ ತೊಳೆದು ಬಂದರು. ಒಬ್ಬಳ ಚೀಲದಲ್ಲಿ ಪೌಡರ್ ಡಬ್ಬಿ ಇತ್ತು, ಅದು ಸಾಲಿನುದ್ದಕ್ಕೂ ಹೋಗಿ ಖಾಲಿಯಾಗಿ ವಾಪಸ್ ಬಂತು. ಫೋಟೋದಲ್ಲಿ ಕೆಂಪು ಮಂಜು ಹೋಗಿ ಗುಲಾಬಿ ಮಂಜು ಬಂತು. ಆಗ ಗುಂಪಿನ ಹಿರಿಯಳು, ಹಲ್ಲಿಲ್ಲದಿದ್ದರೂ ಎಲ್ಲರಿಗಿಂತ ಜೋರು ಬಾಯಿಯ ಅಜ್ಜಿ, ಸೊಂಟಕ್ಕೆ ಕೈಯಿಟ್ಟುಕೊಂಡು ಮುಂದೆ ಬಂದಳು.

"ಚಳಿಗಾಲದಾಗ ನಮ್ಮ ಮುದುಕನ ಚಸ್ಮಾ ಉಸುರಿಗೆ ಹಿಂಗ ಮಂಜಾಗ್ತಿತ್ತು. ಇಷ್ಟು ಮಂದಿ ಅದರ ಮುಂದ ನಿಂತು ಬುಸು ಬುಸು ಉಸುರು ಬಿಟ್ರ ಅದರ ಕಣ್ಣು ಏನಾಗಬೇಕು? ಎಲ್ಲಾರೂ ಉಸುರು ಹಿಡೀರಿ!"

ಬೇಸಿಗೆ. ನೆತ್ತಿ ಸುಡುವ ಬಿಸಿಲು. ಅದು ಚಳಿಗಾಲವಲ್ಲ ಎಂದು ನನಗೂ ಹೊಳೆಯಲಿಲ್ಲ, ಯಾರಿಗೂ ಹೊಳೆಯಲಿಲ್ಲ. ಮೂವತ್ತಾರು ಮಂದಿ ಕೆನ್ನೆ ಉಬ್ಬಿಸಿಕೊಂಡು ನಿಂತರು. ನಾನೂ ಉಸಿರು ಹಿಡಿದು ಆಪ್ ಒತ್ತಿದೆ. ಫೋಟೋ ತೆಗೆಯುವ ಮೊದಲು ಆಪ್ ನಾವು ಯಾವ ಜಾಗದಲ್ಲಿದ್ದೇವೆಂದು ಹುಡುಕಬೇಕು. ಅದರ ಗುಂಡನೆ ಗೆರೆ ತಿರುಗಿತು, ತಿರುಗಿತು, ನೆಟ್‌ವರ್ಕು ಹೋಯಿತು, ಬಂತು, ಮತ್ತೆ ಮೊದಲಿನಿಂದ ತಿರುಗಿತು. ಯಾರೂ ಉಸಿರು ಬಿಡಲಿಲ್ಲ. ಕಣ್ಣುಗಳು ಹೊರಗೆ ಬಂದವು. ಕೊನೆಗೆ ಉಸಿರು ಹಿಡಿಯಿರಿ ಎಂದ ಅಜ್ಜಿಯೇ ಮೊದಲು ಧಪ್ಪೆಂದು ಕೂತಳು. ಉಳಿದವರು ಆಕೆಗೆ ನೀರು ಕುಡಿಸಲು ಓಡಿದರು. ಆಪ್‌ಗೆ ಅದೇ ಕ್ಷಣಕ್ಕೆ ನಮ್ಮ ಜಾಗ ಸಿಕ್ಕಿತು. ಖಾಲಿ ಕೆರೆಯ ಫೋಟೋ ಮಂಜುಮಂಜಾಗಿ ಬಂತು.

ಬುಧವಾರ ಮಧ್ಯಾಹ್ನದ ಫೋಟೋ ಮುಗಿಸಿ ಹೊಸಪೇಟೆಗೆ ಹೋದೆ. ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬರು ಮೊಬೈಲ್ ರಿಪೇರಿ ಮಾಡುತ್ತಾರೆ. ಮೊದಲು ಕೈಗಡಿಯಾರ ರಿಪೇರಿ ಮಾಡುತ್ತಿದ್ದವರು, ಈಗಲೂ ಒಂದು ಕಣ್ಣಿಗೆ ಆ ಕೆಲಸದ ಸಣ್ಣ ದುರ್ಬೀನು ಸಿಕ್ಕಿಸಿಕೊಂಡೇ ಮಾತಾಡುತ್ತಾರೆ. ನಾನು ಹೇಳಿದ್ದನ್ನೆಲ್ಲ ಕೇಳಿ ಅಂಗಡಿಯ ಬೋರ್ಡಿನ ಫೋಟೋ ತೆಗೆದು ನೋಡಿದರು. ಅಕ್ಷರಗಳು ಎದ್ದು ಕಾಣುತ್ತಿದ್ದವು.

"ಚಲೋ ಐತಲ್ರೀ."

"ಇವತ್ತು ಬುಧವಾರ ಅಲ್ರೀ, ಇವತ್ತು ಚಲೋನೇ ಇರ್ತೈತಿ."

ಅವರು ದುರ್ಬೀನು ತೆಗೆದು ಬರಿಗಣ್ಣಿಂದ ನನ್ನನ್ನು ನೋಡಿದರು. "ಅಕ್ಕಾರ, ಫೋನು ವಾರ ನೋಡಂಗಿಲ್ಲ." ಆದರೂ ನನ್ನ ಸಮಾಧಾನಕ್ಕೆ ಹಿಂಬದಿಯನ್ನು ಸ್ಪಿರಿಟ್ ಹಾಕಿ ಒರೆಸಿದರು. ಹತ್ತಿಯಲ್ಲಿ ಸ್ವಲ್ಪ ಕೆಂಪು ಬಂತು. "ನಿಮ್ಮ ಕಡೀದು ಎಲ್ಲಾ ಫೋನೂ ಹಿಂಗ," ಎಂದು ಹತ್ತಿ ಬಿಸಾಡಿದರು. ಆಮೇಲೆ ನಾನು ಕೇಳದಿದ್ದರೂ ಒಂದು ವಿಷಯ ಹೇಳಿದರು. "ಇದರಾಗ ನೋಡೋ ಕಣ್ಣು ಒಂದ. ಈ ಮಗ್ಗಲದ್ದು ಬರೇ ಶೋಕಿಗೆ. ಒಳಗ ಏನೂ ಇಲ್ಲ, ಬರೇ ಗಾಜು."

ಬಸ್ಸಿನಲ್ಲಿ ಬರುವಾಗ ಫೋನು ತಿರುಗಿಸಿ ಆ ಎರಡು ಕಣ್ಣನ್ನೇ ನೋಡುತ್ತ ಕೂತೆ. ಮೂವತ್ತಾರು ಮಂದಿಯ ಬದುಕು ನಿಂತಿರುವುದು ಒಂದು ಕಣ್ಣಿನ ಮೇಲೆ, ಅದಕ್ಕೂ ಎರಡು ದಿನ ರಜೆ.

ಮರುದಿನವಲ್ಲ, ಅದರ ಮರುದಿನ ಶುಕ್ರವಾರ. ಅವತ್ತು ಹುಣ್ಣಿಮೆಯೂ ಹೌದು, ಕೆಲಸಕ್ಕೆ ರಜೆ. ಅತ್ತೆ ಹಂಪಿಗೆ ಹೋಗೋಣ ಎಂದರು. ವಿರೂಪಾಕ್ಷನ ದರ್ಶನ ಮಾಡಿ ಹೊರಗೆ ಬಂದು ಗೋಪುರದ ಮುಂದೆ ಅತ್ತೆಯ ಫೋಟೋ ತೆಗೆಯಲು ಹೋದೆ. ಗೋಪುರವೂ ಇಲ್ಲ, ಅತ್ತೆಯೂ ಇಲ್ಲ, ಮಂಜು. ಬಜಾರಿನ ಕಲ್ಲುಮಂಟಪದ ನೆರಳಲ್ಲಿ ಕೊರಳಿಗೆ ದೊಡ್ಡ ಕ್ಯಾಮೆರಾ ನೇತುಹಾಕಿಕೊಂಡ ಒಬ್ಬರು ಇದನ್ನು ನೋಡುತ್ತಿದ್ದರು. ಪ್ರವಾಸಿಗಳ ಫೋಟೋ ತೆಗೆದು ಅಲ್ಲೇ ಪ್ರಿಂಟ್ ಹಾಕಿ ಕೊಡುವವರು. ಪರಿಣತರು ಸಿಕ್ಕರೆಂದು ಫೋನು ಅವರ ಕೈಗೆ ಕೊಟ್ಟೆ.

ಅವರು ಅದನ್ನು ಎರಡು ಬೆರಳಲ್ಲಿ ಹಿಡಿದು ತಿರುವಿ ನೋಡಿದರು. "ನನ್ನ ಹೊಟ್ಟಿ ಮ್ಯಾಲ ಹೊಡದದ್ದು ಇದೇ ವಸ್ತು. ಇದಕ್ಕ ಕಣ್ಣು ಹೋದ್ರ ನನಗ ಭಾಳ ಸಂತೋಷ. ಇಬ್ರೂ ಹಂಗ ನಿಂದರ್ರಿ."

ಬೇಡ ಅನ್ನುವಷ್ಟರಲ್ಲಿ ಫೋಟೋ ತೆಗೆದಾಗಿತ್ತು. ಕಾಗದದ ಮೇಲೆ ನಾನು ಮತ್ತು ಅತ್ತೆ ಗೋಪುರದ ಮುಂದೆ ನಿಂತಿದ್ದೆವು, ಒಂದು ಕೂದಲೂ ಮಸುಕಾಗದೆ. ಅತ್ತೆಯ ಹಣೆಯಲ್ಲಿ ಕಾಸಿನಗಲ ಕುಂಕುಮ. ವಾಪಸ್ ಬರುವಾಗ ಹೊಸಪೇಟೆ ಮುಟ್ಟುವವರೆಗೂ ಅವರು ಆ ಫೋಟೋ ಹಿಡಿದುಕೊಂಡು ಹೆಬ್ಬೆರಳಿನಿಂದ ನನ್ನ ಮುಖದ ಮೇಲೆ ಉಜ್ಜುತ್ತಲೇ ಇದ್ದರು. ಧೂಳು ಒರೆಸುತ್ತಿದ್ದಾರೆ ಎಂದುಕೊಂಡೆ.

ಮುಂದಿನ ಮಂಗಳವಾರವೂ ಫೋಟೋ ಕೆಟ್ಟಿತು. ಅವತ್ತು ಊಟದ ಹೊತ್ತಲ್ಲಿ ಜಾಲಿ ಮರದ ಆಚೆ ಬದಿಯಲ್ಲಿ ನೆರೆಮನೆಯಾಕೆ ಮಾತಾಡುತ್ತಿದ್ದುದು ನನಗೆ ಕೇಳಿಸಿತು. "ಫೋನಿಂದೇನೂ ತಪ್ಪಿಲ್ಲ ಬಿಡ್ರೆವ್ವಾ. ಮುಂಜಾನಿ ಎದ್ದು ಬರೇ ಹಣಿ ನೋಡಿದ್ರ ಯಾವ ಕೆಲಸ ಕೈ ಹತ್ತತೈತಿ?"

ಯಾರೂ ಹೌದು ಅನ್ನಲಿಲ್ಲ. ಆದರೆ ಯಾರೂ ಅಲ್ಲ ಎಂದೂ ಅನ್ನಲಿಲ್ಲ, ನನಗೆ ನೋವಾದದ್ದು ಅದಕ್ಕೆ. ಪೌಡರ್ ಹಚ್ಚಿಕೊಂಡವರು, ಉಸಿರು ಹಿಡಿದವರು, ಅಜ್ಜಿ ಕೂಡ ರೊಟ್ಟಿ ಮುರಿಯುತ್ತ ಸುಮ್ಮನೆ ಕೂತಿದ್ದರು. ನಾನು ಬುತ್ತಿ ಕಟ್ಟಿ ಎದ್ದೆ. ಆ ಮಧ್ಯಾಹ್ನ ನೆರೆಮನೆಯಾಕೆ ತೋಡಿದ ಗುಂಡಿಯನ್ನು ಮಾತ್ರ ಎರಡು ಸಲ ಅಳೆದೆ. ಅಷ್ಟು ಸಣ್ಣತನ ನನ್ನಲ್ಲಿದೆ.

ಸಂಜೆ ಕಂಪ್ಯೂಟರಿನವರು ಫೋನ್ ಮಾಡಿದರು. ಈ ಸಲ ಕರಡಿಯ ಮಾತಿಲ್ಲ. "ಮೇಡಂ, ನಾ ಎಷ್ಟಂತ ಸಂಭಾಳಿಸಲಿ? ಬರೋ ಶುಕ್ರವಾರದ ಫೋಟೋ ಮ್ಯಾಲಿನವರು ನೋಡ್ತಾರ. ಅವತ್ತೂ ಹಿಂಗ ಬಂದ್ರ ಮೇಟ್ ಬದಲಿ ಮಾಡ್ರಿ ಅಂತ ಹೇಳ್ಯಾರ. ನನ್ನ ಕೈಯಾಗ ಏನೂ ಇಲ್ಲ."

ಬದಲಿ. ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು ಕೆಟ್ಟ ದಿನಗಳಿಗೆಲ್ಲ ಬೆರಳಿಟ್ಟೆ. ಎಲ್ಲಾ ಮಂಗಳವಾರ, ಎಲ್ಲಾ ಶುಕ್ರವಾರ, ಒಂದೂ ತಪ್ಪಿಲ್ಲ. ಬೇರೆ ಯಾವ ಮನೆಯ ಹೆಂಗಸಾದರೂ ಆ ಎರಡು ವಾರದ ಹೆಸರು ಕೇಳಿದ ಕೂಡಲೇ ಉತ್ತರ ಹೇಳಿಬಿಡುತ್ತಿದ್ದಳು. ನನಗೆ ಹೊಳೆಯಲಿಲ್ಲ. ಮಂಗಳವಾರ, ಶುಕ್ರವಾರ ಅತ್ತೆ ಜಗಲಿಯ ಮುಂದೆ ಕೂತಾಗ ನಾನು ಕೊಡ ಹಿಡಿದು ನಳದ ಕಡೆ ಹೋಗುತ್ತಿದ್ದೆ. ಅರಿಶಿನ ಕುಂಕುಮದ ಭರಣಿ ಕಣ್ಣಿಗೆ ಬೀಳದಿರಲಿ ಎಂದು ಆ ಮೂಲೆಯ ಕಡೆ ನೋಡುವುದನ್ನೇ ಬಿಟ್ಟು ಮೂರು ವರ್ಷವಾಗಿತ್ತು.

ಶುಕ್ರವಾರ ಬೆಳಗ್ಗೆ ನಳಕ್ಕೆ ಹೋದರೆ ನೀರಿಲ್ಲ. ಮೋಟಾರು ಸುಟ್ಟಿದೆ ಎಂದರು. ಖಾಲಿ ಕೊಡ ಹಿಡಿದು ಅರ್ಧ ತಾಸು ಮೊದಲೇ ಮನೆಗೆ ಬಂದೆ.

ಅತ್ತೆ ಜಗಲಿಯ ಮುಂದೆ ಕೂತಿದ್ದರು. ಎದುರಿಗೆ ಹಿತ್ತಾಳೆ ತಂಬಿಗೆಗೆ ಒರಗಿಸಿ ನನ್ನ ಫೋನನ್ನು ನಿಲ್ಲಿಸಿದ್ದರು, ಬೆನ್ನು ಅವರ ಕಡೆಗೆ, ಎರಡೂ ಕಣ್ಣು ಅವರನ್ನೇ ನೋಡುವ ಹಾಗೆ. ಉಂಗುರ ಬೆರಳನ್ನು ದೀಪದ ಎಣ್ಣೆಯಲ್ಲಿ ಅದ್ದಿ, ಕುಂಕುಮಕ್ಕೆ ಒತ್ತಿ, ಆ ಎರಡು ಕಣ್ಣಿನ ಸರಿ ನಡುವೆ ಒಂದು ಬೊಟ್ಟಿಟ್ಟರು. ಹಿಂದೆ ಸರಿದು ನೋಡಿದರು. ಕೈ ಮುಗಿದರು. "ನನ್ನ ಸೊಸಿನ್ನ ಚಲೋ ನೋಡ್ಕೊಳಪಾ," ಎಂದರು. ಆಮೇಲೆ ಬೊಟ್ಟು ಕಾಣಬಾರದೆಂದು ಸೆರಗಿನ ತುದಿಯಿಂದ ಅದನ್ನು ಗಟ್ಟಿಯಾಗಿ ಒರೆಸಿದರು. ಎಣ್ಣೆಯೂ ಕುಂಕುಮವೂ ಎರಡೂ ಕಣ್ಣಿಗೆ ಸಮನಾಗಿ ಹರಡಿತು.

"ಅತ್ತೀ!"

ಫೋನು ಅವರ ಮಡಿಲಲ್ಲಿ ಮಾಯವಾಯಿತು.

"ಎಷ್ಟು ದಿನದಿಂದ ನಡದೈತ್ರಿ ಇದು?"

"ಆಯುಧ ಪೂಜಿಯಿಂದ."

"ಮುಟ್ಟಬ್ಯಾಡ್ರಿ ಅಂತ ಹೇಳಿದ್ನಲ್ಲ ನಾನು?"

"ಅದಕ್ಕ ನೀ ಇಲ್ಲದಾಗ ಮುಟ್ಟೀನಿ," ಎಂದರು, ಬಹಳ ನ್ಯಾಯವಾಗಿ. "ಒರಸಿದ ಮ್ಯಾಲೂ ಉಳದ ಕೆಂಪು ನಿನ್ನ ಕಣ್ಣಿಗೆ ಬಿದ್ರ ಬೈತಿ ಅಂತ ದಿನಾ ಸಂಜಿಕ ಹಸಿ ಬಟ್ಟಿಲೆ ಒರಸಿ ಇಡ್ತಿದ್ದೆ."

ಬುಧವಾರ, ಶನಿವಾರ ಕ್ಯಾಮೆರಾ ತಾನಾಗಿಯೇ ಗುಣವಾಗುತ್ತಿದ್ದುದು ಹಾಗೆ. ನನಗೆ ತಡೆಯಲಾಗಲಿಲ್ಲ. ಅಕ್ಕಿ ಚೀಲ, ಸ್ಪಿರಿಟ್, ಪೌಡರ್ ಡಬ್ಬಿ, ಉಸಿರು ಕಟ್ಟಿ ಬಿದ್ದ ಅಜ್ಜಿ, ಎಲ್ಲವನ್ನೂ ಅವರ ಮುಂದೆ ಸುರಿದೆ. "ಕ್ಯಾಮೆರಾದ ಕಣ್ಣಿಗೇ ಕುಂಕುಮ ಬಡದ್ರ ಅದಕ್ಕ ಏನು ಕಾಣಬೇಕ್ರಿ? ಇವತ್ತು ನನ್ನ ಕೆಲಸ ಹೋಗ್ತೈತಿ, ತಿಳೀತೇನು?"

"ಕಣ್ಣಿಗೆ ಹಚ್ಚಿಲ್ಲವ್ವಾ, ನಡುವ ಹಚ್ಚೀನಿ. ಬೊಟ್ಟಿನಿಂದ ಕಣ್ಣು ಮಂಜಾಗೋದಾಗಿದ್ರ ನಲವತ್ತು ವರ್ಷದಿಂದ ನಾ ಕುರುಡಿ ಆಗಬೇಕಿತ್ತಲ್ಲ?"

"ಅದರಾಗ ಒಂದು ಕಣ್ಣು ಶೋಕಿದು ಅಂತ ಅಂಗಡಿಯವರು ಹೇಳ್ಯಾರ," ಎಂದೆ, ಏನಾದರೂ ಹೇಳಬೇಕಲ್ಲ ಎಂದು. ಆಮೇಲೆ ಕೇಳಿದೆ, "ಹೋಗಲಿ, ಫೋನಿಗೆ ಯಾಕ್ರಿ ಬೊಟ್ಟು?"

ಅತ್ತೆ ಮಡಿಲಲ್ಲಿದ್ದ ಫೋನನ್ನು ತಿರುಗಿಸುತ್ತ ಕೂತರು.

"ಮೂರು ವರ್ಷ ಆತು," ಎಂದರು. "ಮಂಗಳವಾರ ಶುಕ್ರವಾರ ನನ್ನ ಹಣಿಗೆ ಹಚ್ಚಿಕೊಂಡ ಮ್ಯಾಲ ಈ ಬೆರಳು ನಿನ್ನ ಹಣಿ ಕಡೆ ಬರ್ತೈತಿ, ಅರ್ಧಕ್ಕ ತಿರುಗಿ ಹೋಗ್ತೈತಿ. ಮಂದಿ ಏನಂತಾರೋ, ನೀ ಏನಂತಿಯೋ. ಹಂಪ್ಯಾಗ ತಗಸಿದ ಫೋಟೋ ಮ್ಯಾಲ ನಿನ್ನ ಹಣಿ ಮುಟ್ಟಿ ಮುಟ್ಟಿ ನೋಡಿದೆ. ಇದು ದಿನಾ ನಿನ್ನ ಕೈಯಾಗ ಇರ್ತೈತಿ, ನಿನ್ನ ಮುಖದ ಮುಂದನ ಇರ್ತೈತಿ. ಇದರ ಹಣಿಗೆ ಹಚ್ಚಿದ್ರ ಬ್ಯಾಡ ಅನ್ನೋರು ಯಾರು?"

ನನಗೆ ಅಳು ಬಂತು. ಅಳುವಷ್ಟರಲ್ಲಿ ಗಡಿಯಾರ ಕಂಡಿತು. ಫೋನು ಇಸಿದುಕೊಂಡು, ಸೋಪಿನ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಒರೆಸಿ, ಜಗಲಿಯ ದೀಪದ ಫೋಟೋ ತೆಗೆದು ನೋಡಿದೆ. ಬತ್ತಿಯ ಎಳೆ ಎಳೆಯೂ ಕಾಣುತ್ತಿತ್ತು.

"ಇನ್ನ ಫೋನಿಗೆ ಹಚ್ಚಬ್ಯಾಡ್ರಿ, ಅತ್ತಿ."

"ಆತವ್ವಾ."

"ಆದ್ರ ಮಂಗಳವಾರ ಬಂತಂದ್ರ ನಿಮ್ಮ ಕೈ ಸುಮ್ಮನ ಇರಂಗಿಲ್ಲ."

ಅವರು ಸ್ವಲ್ಪ ಯೋಚಿಸಿ, "ಇರಂಗಿಲ್ಲ," ಎಂದು ಒಪ್ಪಿಕೊಂಡರು.

"ಹಂಗಾದ್ರ ನನಗ ಹಚ್ಚರಿ," ಎಂದು ಅವರ ಮುಂದೆ ಕೂತೆ. "ನನ್ನ ಕಣ್ಣು ಮಂಜಾಗಂಗಿಲ್ಲ."

ಈ ಮಾತು ಪೂರ್ತಿ ನಿಜವಾಗಲಿಲ್ಲ, ಬಿಡಿ. ಅತ್ತೆ ಇಟ್ಟ ಮೊದಲ ಬೊಟ್ಟು ಸೊಟ್ಟಗಾಯಿತು. ಸೆರಗಿನಿಂದ ಒರೆಸಿ ಇನ್ನೊಂದು ಇಟ್ಟರು. ಹೊರಗೆ ಬಂದಾಗ ಮಂಚದ ಮೇಲೆ ಕೂತಿದ್ದ ಮಾವ ನನ್ನ ಹಣೆ ನೋಡಿದರು. "ಕವರ್ ಹಾಕ್ಕೊಂಡು ಹೋಗವ್ವಾ, ಧೂಳೈತಿ," ಎಂದರು.

ಕೆರೆಯಂಗಳಕ್ಕೆ ನಾನು ಇಳಿಯುವಾಗ ದೂರದಿಂದಲೇ ಮಾತು ಕೇಳುತ್ತಿತ್ತು. ಹತ್ತಿರ ಹೋದಂತೆ ಒಂದೊಂದಾಗಿ ನಿಂತಿತು. ಕೊನೆಗೆ ನೆರೆಮನೆಯಾಕೆಯ ಮಾತೂ ನಿಂತಿತು. ಆಕೆಗೆ ಚಪ್ಪಲಿ ಮರೆತು ಒಳಗೆ ಹೋಗಲು ಅಲ್ಲಿ ಬಾಗಿಲಿರಲಿಲ್ಲ. ಒಂಬತ್ತಾಗಲು ಹೆಚ್ಚು ಹೊತ್ತಿರಲಿಲ್ಲ. "ಸಾಲಾಗಿ ನಿಂದರ್ರಿ," ಎಂದೆ. ನಿಂತರು. ಫೋನು ಎತ್ತಿ ಎದೆಯ ಹತ್ತಿರ ಹಿಡಿದೆ. ಆಪ್‌ನ ಗೆರೆ ತಿರುಗತೊಡಗಿತು. ಯಾರೂ ಹೇಳದಿದ್ದರೂ ಮೂವತ್ತಾರು ಮಂದಿ ಉಸಿರು ಹಿಡಿದು ನಿಂತಿದ್ದರು.

ಫೋಟೋ ಆಫೀಸಿಗೆ ಹೋಯಿತು. ಅಜ್ಜಿ ಫುಸ್ಸೆಂದು ಉಸಿರು ಬಿಟ್ಟು, "ಬಿಸಲಾತು, ಸಲಿಕಿ ತಗೀರಿ," ಎಂದಳು. ಎಲ್ಲರೂ ತಮ್ಮ ತಮ್ಮ ಗುಂಡಿಗೆ ಇಳಿದರು.

ಹನ್ನೊಂದರ ಸುಮಾರಿಗೆ ಕಂಪ್ಯೂಟರಿನವರ ಫೋನು ಬಂತು. ನಾನು ಗುಂಡಿಗಳಿಂದ ದೂರ ಹೋಗಿ ಎತ್ತಿದೆ.

"ಮೇಡಂ, ಫೋಟೋ ಮಸ್ತ್ ಬಂದೈತಿ. ಒಂದೊಂದು ಮುಖಾನೂ ಎದ್ದು ಕಾಣ್ತೈತಿ. ಮ್ಯಾಲಿನವರೂ ಸರಿ ಅಂದ್ರು, ಬದಲಿ ಗಿದಲಿ ಏನಿಲ್ಲ. ಆದ್ರ ಒಂದು ಕೇಳ್ತೀನಿ. ಒಬ್ರೂ ಕ್ಯಾಮೆರಾ ನೋಡವಲ್ರು. ಎಲ್ಲಾರೂ ಅದಕ್ಕಿಂತ ಸ್ವಲ್ಪ ಮ್ಯಾಲ ನೋಡಾಕತ್ಯಾರ. ಏನಿತ್ತರೀ ಅಲ್ಲಿ?"

ಬೆಳಗಿನ ಫೋಟೋ ತೆರೆದು ದೊಡ್ಡದು ಮಾಡಿ ನೋಡಿದೆ. ಹೌದು. ಅಜ್ಜಿ, ಪೌಡರ್ ಡಬ್ಬಿಯಾಕೆ, ನಾಲ್ವರು ಗಂಡಸರು, ಮೊದಲ ಸಾಲಿನ ನೆರೆಮನೆಯಾಕೆ, ಮೂವತ್ತಾರು ಮಂದಿಯ ಕಣ್ಣೂ ಫೋನನ್ನು ದಾಟಿ ಒಂದೇ ಕಡೆಗೆ ಎತ್ತಿದ್ದವು.

"ಏನಿಲ್ರಿ," ಎಂದೆ. "ಅಲ್ಲಿ ನಾನಿದ್ದೆ."